ಕೆಂಪು ಚೀಲ

ಹನ್ನೆರಡು ವರ್ಷದಿಂದ ಆಂಬ್ರೋಸ್ ಕೆಲ್ ತನ್ನ ವಿಗ್ಗು, ಗೌನುಗಳನ್ನು ನೀಲಿ ಚೀಲದಲ್ಲೇ ಹೊರುತ್ತಿದ್ದ. ನೀಲಿ ಚೀಲವನ್ನು ಲಂಡನ್ನಿನ ಯಾವ ವಕೀಲನಾದರೂ ಅಂಗಡಿಯಲ್ಲಿ ಕೊಳ್ಳಬಹುದು. ಕೆಂಪು ಚೀಲ ಹಾಗಲ್ಲ. ಕಿರಿಯನ ಕೆಲಸ ಮೆಚ್ಚಿ ಹಿರಿಯ ವಕೀಲನೇ ಕೊಡಬೇಕು. ಹೆಸರಿನ ಅಕ್ಷರ ಹೊಲಿಸಿ, ತನ್ನ ಗುಮಾಸ್ತನ ಮೂಲಕ ಕೈಗೇ ಮುಟ್ಟಿಸಬೇಕು. ಆಂಬ್ರೋಸ್ ಬರೆದುಕೊಟ್ಟ ವಾದಗಳಿಂದಲೇ ಗೆದ್ದು ಹೆಸರಾದ ಸರ್ ಹೆಕ್ಟರ್ ಲವೆಲ್, ಹೋದ ವರ್ಷ ಅದನ್ನು ಕೊಟ್ಟದ್ದು ನಿನ್ನೆ ಮೊನ್ನೆ ಬಂದ ಡೆನಮ್‌ಗೆ.

ಅದರ ಮೇಲೆ ಈಗ ಗೌನು ತೊಡುವ ಕೋಣೆಯಲ್ಲಿ ಎಲ್ಲರೆದುರು ಸರ್ ಹೆಕ್ಟರನ ಈ ಮಾತು ಬೇರೆ.

"ಏನಯ್ಯಾ ಕೆಲ್, ನೀಲಿ ನಿಂಗೆ ಬಲು ಚೆನ್ನಾಗಿ ಒಪ್ಪುತ್ತೆ ಕಣಯ್ಯ! ಇನ್ನೆಷ್ಟು ದಿನ ಹೊರ್ತೀಯೋ ನೋಡೋಣ."

ಎಲ್ಲರೂ ನಕ್ಕರು. ಆಂಬ್ರೋಸನೂ ನಕ್ಕ. ಮುದುಕನನ್ನು ಮುಗಿಸಲು ತೀರ್ಮಾನಿಸಿದ್ದು ಆವತ್ತೇ.

ಸಿಕ್ಕಿಬಿದ್ದರೆ ಗಲ್ಲು, ಆದ್ದರಿಂದ ಆತುರಪಡಲಿಲ್ಲ. ನಾಲ್ಕಕ್ಕೆ ಕೋರ್ಟು ಮುಗಿದ ಮೇಲೆ ಸರ್ ಹೆಕ್ಟರ್ ಕೊನೆಯವನಾಗಿ ಉಳಿದು, ಕೊರಳಪಟ್ಟಿ ಬದಲಿಸಿ, ಹಿಂದಿನ ಕಬ್ಬಿಣದ ಮೆಟ್ಟಿಲು ಇಳಿಯುತ್ತಿದ್ದ. ಕಣ್ಣು ಮಂಜು. ಒಂದಲ್ಲ ಒಂದು ದಿನ ಬೀಳುತ್ತಾನೆಂದು ಜವಾನರೂ ಆಡಿಕೊಳ್ಳುತ್ತಿದ್ದರು.

ಆ ಹೊತ್ತಿಗೆ ತಾನು ಬೇರೆಡೆ ಕಾಣಿಸಬೇಕು, ಅಷ್ಟೇ. ತಿಂಗಳಿಡೀ ಆಂಬ್ರೋಸ್ ತನ್ನ ಕೋಣೆಯಲ್ಲೂ ವಿಗ್ಗು, ಗೌನು ಕಳಚದೆ ಕಿಟಕಿಗೆ ಬೆನ್ನು ಮಾಡಿ ಕೂತು ಬರೆದ.

"ವಿಗ್ಗು ಹಾಕ್ಕೊಂಡೇ ಮಲಗ್ತೀರೇನ್ರೀ, ಕೆಲ್ ಸಾಹೇಬ್ರೇ?" ಎಂದು ಎದುರು ಕಿಟಕಿಯ ಬೆರಳಚ್ಚುಗಾತಿ ಮಿಸ್ ಹಾಬ್ಸನ್ ಕಾಲೆಳೆದಳು. ಅವನಿಗೆ ಬೇಕಾದದ್ದೂ ಅದೇ. ಜನ ವಿಗ್ಗು ನೋಡುತ್ತಾರೆ, ಒಳಗಿನ ತಲೆಯನ್ನಲ್ಲ; ಹನ್ನೆರಡು ವರ್ಷದಲ್ಲಿ ಅವನು ಅಷ್ಟನ್ನು ಕಲಿತಿದ್ದ.

ಗುರುವಾರ ಕೋರ್ಟು ಮುಗಿದದ್ದೇ ಕೋಣೆಗೆ ಬಂದ. ಕುರ್ಚಿಯ ಮೇಲೆ ದಿಂಬು ನಿಲ್ಲಿಸಿ, ಗೌನು ಹೊದಿಸಿ, ಮೇಲೆ ವಿಗ್ಗು ಇಟ್ಟ. ದೀಪ ಹಚ್ಚಿ, ಎಳೆದರೆ ತಾನೇ ಬೀಳುವ ಬೀಗದ ಬಾಗಿಲು ಮುಚ್ಚಿ, ಕಟ್ಟಡದ ಹಿಂಬಾಗಿಲಿನಿಂದ ಹೊರಟ. ನಾಲ್ಕೂವರೆಗೆ ಆ ಕಬ್ಬಿಣದ ಮೆಟ್ಟಿಲ ಮೇಲ್ತುದಿಯಲ್ಲಿದ್ದ. ಸರ್ ಹೆಕ್ಟರ್ ಹೊರಬಂದು, ಹತ್ತಿರದಿಂದ ಗುರುತು ಹಿಡಿದ.

"ಏ ಕೆಲ್, ಇನ್ನೂ ಇಲ್ಲೇ ಇದ್ದೀಯಾ? ನಿನ್ನ ಕೋಣೆಗೆ ಹೋಗಯ್ಯಾ, ಹೋಗು!"

ಕೊನೆಗಳಿಗೆಯಲ್ಲೂ ನಾಯಿಯನ್ನು ಅಟ್ಟಿದ ಹಾಗೆ ಅಟ್ಟುತ್ತಾನಲ್ಲ ಎಂದು ಆಂಬ್ರೋಸ್‌ಗೆ ಮೈಯೆಲ್ಲ ಉರಿಯಿತು. ಎರಡೂ ಕೈಯಿಂದ ತಳ್ಳಿದ. ಕೆಳಗೆ ಮುದುಕ ಮತ್ತೆ ಅಲುಗಲಿಲ್ಲ.

ಬಂದ ದಾರಿಯಲ್ಲೇ, ಯಾರ ಕಣ್ಣಿಗೂ ಬೀಳದೆ ಮರಳಿದ. ಅಂಗಳದಾಚೆ ಮಿಸ್ ಹಾಬ್ಸನ್‌ಳ ಯಂತ್ರ ಟಕಟಕ ಎನ್ನುತ್ತಿತ್ತು. ಸದ್ದಾಗದಂತೆ ಬೀಗ ತೆಗೆದ. ದೀಪ, ದಿಂಬು, ವಿಗ್ಗು ಎಲ್ಲ ಇಟ್ಟಲ್ಲೇ ಇದ್ದವು. ಬಾಗಿಲ ಒಳಮಗ್ಗುಲಿನ ಬೆಂಚಿನ ಮೇಲೆ ಸರ್ ಹೆಕ್ಟರನ ಗುಮಾಸ್ತ ಪೋಕಾಕ್ ಕೂತಿದ್ದ. ಅವನ ತೊಡೆಯ ಮೇಲೆ ಆಂಬ್ರೋಸನ ಹೆಸರಿನ ಅಕ್ಷರಗಳಿದ್ದ ಹೊಚ್ಚಹೊಸ ಕೆಂಪು ಚೀಲ. "ನಾಲ್ಕೂ ಕಾಲಿಂದ ಕಾಯ್ತಿದ್ದೀನಿ ಸ್ವಾಮಿ. ಕೆಳಗಿನ ಜವಾನ್ರು ಬೀಗದಕೈ ಕೊಟ್ರು. ಅಕ್ಷರ ಹೊಲ್ಯೋಕೇ ಒಂದು ತಿಂಗ್ಳು ತಗೊಂಡ್ರು ನೋಡಿ. ನಿಮ್ಮ ಕೈಗೇ ಕೊಡ್ಬೇಕಲ್ಲ, ಇಟ್ಟು ಹೋಗೋ ಹಾಗಿಲ್ಲ." ಆ ಪದ್ಧತಿ ಆಂಬ್ರೋಸ್‌ಗೆ ಬಾಯಿಪಾಠವಾಗಿತ್ತು, ತನ್ನ ಬಾಗಿಲಿಗೂ ಅದು ಬಂದೀತೆಂದು ಮಾತ್ರ ಲೆಕ್ಕಕ್ಕೇ ಹಿಡಿದಿರಲಿಲ್ಲ. ಪೋಕಾಕ್ ಕುರ್ಚಿಯತ್ತ ನೋಡಿ ನಕ್ಕ. "ಅಲ್ಲಾ ಸ್ವಾಮಿ, ನೀವೇ ಅಂದ್ಕೊಂಡು ಎರಡು ಸಲ ಕೂಗ್ಬಿಟ್ಟೆ. ದಿಂಬಿಗ್ಯಾಕೆ ವಿಗ್ಗು ಹಾಕಿದ್ದೀರಿ?"