ಮುರ್ತುಜಾ ಅಣ್ಣನ ಕಲ್ಲು

"ನಿಂದ್ರಸ್ರೀ! ಏ, ನಿಂದ್ರಸ್ರೀ!"

ವಿದ್ಯಾವತಿ ಬಸ್ಸಿನ ಹಿಂದೆ ಕೂಗುತ್ತಾ ಓಡಿದಳು. ಬೆನ್ನಿಗೆ ಬ್ಯಾಗು ದಬದಬ ಬಡಿಯಿತು. ಬಸ್ಸು ಧೂಳೆಬ್ಬಿಸಿಕೊಂಡು ಆಳಂದದ ಕಡೆ ಹೋಗಿಯೇ ಬಿಟ್ಟಿತು.

"ಬಸ್ ನಿಂದ್ರಲಾರದ ಇವತ್ತಿಗೆ ಮೂರು ದಿನ ಆಯ್ತು," ಎಂದಳು ಗೆಳತಿ ಮುಸ್ಕಾನ. "ಮುರ್ತುಜಾ ಅಣ್ಣ ಇದ್ದಿದ್ರ ಹಿಂಗ ಆಗ್ತಿತ್ತೇನು?"

ಮುರ್ತುಜಾ ಅಣ್ಣ ಎದೆನೋವಿನಿಂದ ತೀರಿಕೊಂಡು ಇನ್ನೂ ಹತ್ತು ದಿನವೂ ಆಗಿರಲಿಲ್ಲ.

ಅವನು ಯುವಕ ಸಂಘದ ಲೀಡರ್. ಯಾರಿಗಾದರೂ ರಕ್ತ ಬೇಕೆಂದರೆ ಅಫಜಲಪುರಕ್ಕೋ ಜೇವರ್ಗಿಗೋ ಹುಡುಗರನ್ನು ಕರೆದುಕೊಂಡು ಹೊರಟೇಬಿಡುತ್ತಿದ್ದ. ಈ ಊರಿನ ಕ್ರಾಸಿನಲ್ಲಿ ಬಸ್ಸು ನಿಲ್ಲುವಂತೆ ಮಾಡಿದವನೂ ಅವನೇ. ಎರಡು ವರ್ಷ ಅರ್ಜಿ ಕೊಟ್ಟ. ಕೊನೆಗೆ ಊರವರೊಂದಿಗೆ ಮೂರು ದಿನ ರೋಡಿನಲ್ಲಿ ಕೂತ. ಒಬ್ಬರಿಗೂ ಕಲ್ಲು ಎತ್ತಲು ಬಿಡಲಿಲ್ಲ.

ಸ್ಟಾಪ್ ಸಿಕ್ಕ ದಿನ, ಕೂರಲಿಕ್ಕೆಂದು ಒಂದು ಉದ್ದನೆಯ ಚಪ್ಪಡಿ ಕಲ್ಲನ್ನು ಹುಡುಗರ ಜೊತೆ ಹೊತ್ತು ತಂದು ಹಾಕಿದ್ದ. ಮಕ್ಕಳಿಗೆ ಒಂದೇ ರೂಲ್ ಹೇಳಿದ್ದ. "ಕಲ್ಲು ಬಿಟ್ಟು ರೋಡಿಗೆ ಬರಬ್ಯಾಡ್ರಿ. ಡ್ರೈವರಗ ನೀವು ಇಲ್ಲೇ ಕಾಣ್ತೀರಿ."

ಬಸ್ಸು ದಾಟಿ ಹೋಗುವ ತನಕ ಮಕ್ಕಳು ಕಲ್ಲು ಬಿಟ್ಟು ಕದಲುತ್ತಿರಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಅಪ್ಪ ದೌಲತರಾಯ ಹೇಳಿದ, "ಶನಿವಾರ ತನಕ ನೋಡ್ತೇನಿ. ಬಸ್ ನಿಂದ್ರಲಿಲ್ಲಂದ್ರ ಆಳಂದದ ಸಾಲಿ ಬಂದ್. ದಿನಾ ಯಾರು ಬಿಡಾಕ ಬರ್ತಾರ?"

ವಿದ್ಯಾವತಿ ಅರ್ಧ ರೊಟ್ಟಿ ತಟ್ಟೆಯಲ್ಲೇ ಬಿಟ್ಟು ಎದ್ದಳು.

ಮರುದಿನ ಬೆಳಿಗ್ಗೆ ಅಪ್ಪನಿಗೆ ಬುತ್ತಿ ಕೊಡಲು ಹೊಲಕ್ಕೆ ಹೋದಳು. ಹೊಲ ಇರುವುದು ಮಾದನಹಿಪ್ಪರಗಾ ಕಡೆ, ತಿರುವಿನ ಆಚೆ. ಅಲ್ಲಿಂದ ರೋಡು ಹಿಡಿದು ಸ್ಟಾಪಿಗೆ ಬರುವಾಗ, ಸಂಘದವರು ನಾಲ್ಕು ದಿನದ ಹಿಂದೆ ಅಣ್ಣನ ನೆನಪಿಗೆ ಕಟ್ಟಿದ ದೊಡ್ಡ ಫ್ಲೆಕ್ಸ್ ಎದುರಾಯಿತು. ಬಿಳಿ ಶರ್ಟಿನಲ್ಲಿ ಮುರ್ತುಜಾ ಅಣ್ಣ ನಗುತ್ತಿದ್ದ. ಕೆಳಗೆ 'ಭಾವಪೂರ್ಣ ಶ್ರದ್ಧಾಂಜಲಿ' ಎಂದಿತ್ತು.

ಅದರ ಹಿಂದಿನಿಂದ ಮುಸ್ಕಾನ ನಕ್ಕಿದ್ದು ಕೇಳಿಸಿತು. ಆದರೆ ಮುಸ್ಕಾನ ಕಾಣಲಿಲ್ಲ. ಕಲ್ಲೂ ಕಾಣಲಿಲ್ಲ.

ವಿದ್ಯಾವತಿ ನಿಂತಲ್ಲೇ ನಿಂತಳು. ಬಸ್ಸು ಬರುವುದೂ ಈ ಕಡೆಯಿಂದಲೇ ಅಲ್ಲವೇ? ಅಷ್ಟರಲ್ಲಿ ಬಸ್ಸು ಅವಳನ್ನು ದಾಟಿ ಬುರ್ರೆಂದು ಹೋಯಿತು. ಫ್ಲೆಕ್ಸಿನ ಹಿಂದೆ ಮಕ್ಕಳು "ಓ!" ಎಂದು ಕೂಗಿದರು.

ಅವಳು ನೇರ ಸಂಘದ ಹುಡುಗ ಅಕ್ರಮನ ಹತ್ತಿರ ಓಡಿದಳು.

"ಅಣ್ಣಾ, ಫ್ಲೆಕ್ಸ್ ಬ್ಯಾರೆ ಕಡೆ ಕಟ್ರಿ. ಡ್ರೈವರಗ ನಾವು ಕಾಣವಲ್ಲೆವು."

ಅಕ್ರಮನ ಮುಖ ಕೆಂಪಾಯಿತು. "ಮುರ್ತುಜಾ ಭಾಯಿದು ತಗೀ ಅಂತೀಯೇನು? ಅಂವ ನಿಮ್ಮ ಸಲುವಾಗಿ ಎಷ್ಟು ಮಾಡ್ಯಾನ! ಅಂವ ಸತ್ತಾನಂತ ಡ್ರೈವರಗ ಸೊಕ್ಕು ಬಂದದ. ನಾಳೆ ನೋಡು, ಬಸ್ಸಿನ ಗಾಜು ಉಳಿಯಂಗಿಲ್ಲ."

ವಿದ್ಯಾವತಿಗೆ ಅಳುವೇ ಬಂತು. ತಾನು ಅಣ್ಣನಿಗೆ ಅವಮಾನ ಮಾಡಿದೆನೇ? ಆದರೆ ನಾಳೆಯೇ ಶನಿವಾರ. ಕಣ್ಣೊರೆಸಿಕೊಂಡು ಅಣ್ಣನ ತಾಯಿ ಮೆಹರಾಜಬೇಗಂ ಮನೆಗೆ ಹೋದಳು. ಬಾಗಿಲಲ್ಲಿ ನಿಂತು ಚಿಲಕ ಬಡಿದಳು.

"ಅಮ್ಮಾ, ಒಂದು ಸಲ ಕ್ರಾಸಿಗೆ ಬರ್ರಿ," ಎಂದಷ್ಟೇ ಅಂದಳು.

ಇಬ್ಬರೂ ತಿರುವಿನ ಆಚೆ ಹೋಗಿ ನಿಂತರು. ಅಕ್ರಮನೂ ಹಿಂದೆಯೇ ಬಂದ. ವಿದ್ಯಾವತಿ ಓಡಿ ಹೋಗಿ ಕಲ್ಲಿನ ಪಕ್ಕ ನಿಂತು, "ಅಮ್ಮಾ, ಕಾಣಾಕತ್ತೇನೇನ್ರಿ?" ಎಂದು ಕೂಗಿದಳು.

ಮುದುಕಿ ಬಹಳ ಹೊತ್ತು ಮಗನ ಮುಖವನ್ನೇ ನೋಡಿದಳು. ಸೆರಗಿನಿಂದ ಕಣ್ಣೊತ್ತಿಕೊಂಡಳು.

"ಇಲ್ಲ ಬೇಟಿ," ಎಂದಳು. "ನನ್ನ ಮಗಾ ಅಷ್ಟೇ ಕಾಣಾಕತ್ತಾನ."

ಆಮೇಲೆ ಅಕ್ರಮನ ಕಡೆ ತಿರುಗಿದಳು. "ಬಿಚ್ಚು."

ಅಕ್ರಮ ತಲೆ ತಗ್ಗಿಸಿ ಹಗ್ಗ ಬಿಚ್ಚಿದ. "ನೆಲಕ್ಕ ತಾಕಿಸಬ್ಯಾಡ್ರಿ," ಎಂದು ಮೆಹರಾಜಬೇಗಂ ಒಂದು ತುದಿ ಹಿಡಿದಳು. ಇನ್ನೊಂದು ತುದಿಯನ್ನು ವಿದ್ಯಾವತಿ ಹಿಡಿದಳು. ಮೆಲ್ಲಗೆ ಸುರುಳಿ ಸುತ್ತಿದರು.

ಶನಿವಾರ ಮಕ್ಕಳೆಲ್ಲ ಕಲ್ಲಿನ ಹತ್ತಿರ ನಿಂತರು. ಬಸ್ಸಿನ ಸದ್ದು ಕೇಳಿದಾಗ ವಿದ್ಯಾವತಿ ಕೈ ಎತ್ತಿದಳು. ತಿರುವಿನಲ್ಲೇ ಹಾರ್ನ್ ಆಯಿತು. ಬ್ರೇಕ್ ಕಿರುಗುಟ್ಟಿತು. ಬಸ್ಸು ನಿಂತಿತು.

"ಎಲ್ಲಿ ಹೋಗಿದ್ರಿ ಇಷ್ಟು ದಿನಾ?" ಎಂದ ಕಂಡಕ್ಟರ್. "ಸಾಲಿಗೆ ಸೂಟಿ ಇರಬೇಕು ಅನ್ಕೊಂಡಿದ್ದೆ. ಹತ್ರಿ, ಹತ್ರಿ!"

ವಿದ್ಯಾವತಿ ಕಿಟಕಿಯಿಂದ ಕತ್ತು ಹೊರಳಿಸಿ ಹಿಂದೆ ನೋಡುತ್ತಲೇ ಇದ್ದಳು.

"ಏನ್ ನೋಡಾಕತ್ತಿ?" ಎಂದಳು ಮುಸ್ಕಾನ. "ಫ್ಲೆಕ್ಸ್ ತಗದಾರಲ್ಲ. ಅಲ್ಲಿ ಬರೀ ಕಲ್ಲದ."

"ಹೂಂ," ಎಂದಳು ವಿದ್ಯಾವತಿ. "ಮುರ್ತುಜಾ ಅಣ್ಣನ ಕಲ್ಲು."