ಹಾಲಮ್ಮನ ಮೌನ ಕಡಲು ದಾಟಿದ್ದು

"ವಸಂತ, ದುಡ್ಡು ಇಸ್ಕಳಲ್ಲ ಅಂದ್ರೆ ನನಗೆ ಊಟಾನೂ ಬ್ಯಾಡ ಅಂತ ಆವಮ್ಮಂಗೆ ಹೇಳೋ!"

ಹಾಲಮ್ಮ ಖಾಲಿ ತಟ್ಟೆಯನ್ನು ತಳ್ಳಿದ ರಭಸಕ್ಕೆ ಮೇಜಿನ ಮೇಲಿದ್ದ ಗಾಜಿನ ಲೋಟಗಳೆಲ್ಲ ಒಂದಕ್ಕೊಂದು ತಾಗಿ ಗಿಣಗಿಣ ಎಂದವು. ಬಡಿಸಲು ನಿಂತಿದ್ದ ಹುಡುಗಿ ತಾನೇನು ತಪ್ಪು ಮಾಡಿದೆನೆಂದು ತಿಳಿಯದೆ ನಗುತ್ತಲೇ ಎರಡು ಹೆಜ್ಜೆ ಹಿಂದೆ ಸರಿದಳು. ಗೋಡೆಗಳಿಲ್ಲದ ಆ ಊಟದ ಮನೆಯ ಮೂರು ಕಡೆಯೂ ಸಮುದ್ರ, ಒಂದು ಕಡೆ ಮೂವತ್ತೆಂಟು ಬಗೆಯ ತಿಂಡಿ. ಮಾಲ್ಡೀವ್ಸ್‌ನ ಆ ಪುಟ್ಟ ದ್ವೀಪದಲ್ಲಿ ಕಾಸು ಕೊಡದೆ ಏನು ಬೇಕಾದರೂ, ಎಷ್ಟು ಬೇಕಾದರೂ ತಿನ್ನಬಹುದೆಂಬ ಸುದ್ದಿ ಕೇಳಿ ಬೇರೆಯವರು ಹಿಗ್ಗುತ್ತಿದ್ದರೆ, ಹುಳಿಯಾರು ಪಕ್ಕದ ಹಟ್ಟಿಯಿಂದ ಬಂದಿದ್ದ ಹಾಲಮ್ಮನಿಗೆ ಅದು ತನ್ನ ಅರವತ್ತೆರಡು ವರ್ಷದ ಮರ್ಯಾದೆಗೆ ಬಂದ ಕುತ್ತಿನಂತೆ ಕಂಡಿತ್ತು.

"ಬಿಟ್ಟಿ ಅಲ್ಲ ಕಣವ್ವ" ಎಂದು ವಸಂತ ಗೋಗರೆದ. "ಪೈಪಿನ ಕಂಪನಿಯೋರು ಎಲ್ಲಾ ಸೇರಿಸಿ ಮೊದ್ಲೇ ಕಟ್ಟವ್ರೆ. ತಿಂದ್ರೂ ಅಷ್ಟೆ, ಬುಟ್ರೂ ಅಷ್ಟೆ."

"ಅಂಗಾದ್ರೆ ಬುಡ್ತೀನಿ."

ಅನುಪಮಾ ಗಂಡನ ಕಡೆ ಬಾಗಿ, "ರೀ, ಆ ಕೊನೇಲಿ ಇಡ್ಲಿ ಇದೆ ಅಂತ ಹೇಳಿ. ಮೆತ್ತಗಿದೆ. ಅವರಿಗೆ ಹಲ್ಲು ನೋವು ಬೇರೆ..." ಎಂದಳು.

"ನನ್ನ ಹಲ್ಲಿನ ಚಿಂತೆ ಯಾರೂ ಮಾಡ್ಬೇಕಾಗಿಲ್ಲ ಅಂತ ಹೇಳು" ಎಂದರು ಹಾಲಮ್ಮ, ಮಗನಿಗೆ.

ಅತ್ತೆ ಸೊಸೆಯರ ನಡುವೆ ಇದ್ದ ದೂರ ಒಂದು ಮೊಳ. ಆದರೂ ಮಾತೆಲ್ಲ ವಸಂತನ ಮೂಲಕವೇ ಹೋಗಬೇಕು, ಅಂಚೆ ಕಚೇರಿಯ ಮೂಲಕ ಹೋದ ಹಾಗೆ. ಹದಿನಾಲ್ಕು ತಿಂಗಳಿಂದ ಆ ಮನೆಯಲ್ಲಿ ಹೀಗೇ ನಡೆದಿತ್ತು. ವಸಂತ ಹುಳಿಯಾರಿನ ತನ್ನ ಪೈಪಿನ ಅಂಗಡಿಗೆ ಹೋದಾಗ ಹಾಲಮ್ಮ ಬೆಕ್ಕಿಗೆ, "ಸಾರಿಗೆ ಉಪ್ಪಿಲ್ಲ ಕಣೇ" ಎನ್ನುತ್ತಿದ್ದರು. ಅನುಪಮಾ ಕುಕ್ಕರಿಗೆ, "ಊಟಕ್ಕೆ ಬರಬಹುದು" ಎನ್ನುತ್ತಿದ್ದಳು. ಬೆಕ್ಕು ಸುಮ್ಮನಿರುತ್ತಿತ್ತು, ಕುಕ್ಕರು ಮಾತ್ರ ಒಮ್ಮೊಮ್ಮೆ ಕೂಗುತ್ತಿತ್ತು.

ಇದೆಲ್ಲ ಶುರುವಾದದ್ದು ಕೊಬ್ಬರಿಯಿಂದ. ಆ ಕಡೆಯ ಮನೆಗಳಲ್ಲಿ ಸಿಪ್ಪೆ ಸಮೇತ ಕಾಯಿಗಳನ್ನು ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಹಾಕಿರುತ್ತಾರೆ; ಒಳಗಿನ ನೀರು ತಾನಾಗಿ ಆರಿ, ಕೊಬ್ಬರಿ ಉಂಡೆಯಾಗಿ ಕರಟದಿಂದ ಬಿಡುವವರೆಗೆ. ಹಾಲಮ್ಮನ ಮನೆಯಲ್ಲಿ ಅಟ್ಟದ ಕೆಳಗೇ ಬಚ್ಚಲ ಒಲೆ. ಮಳೆಗಾಲದಲ್ಲಿ ಮೇಲಿನ ಕಾಯಿಗೆ ಅದರ ಬಿಸಿಯೇ ಆಧಾರ. ಮಳವಳ್ಳಿಯ ಕಬ್ಬಿನ ಸೀಮೆಯಿಂದ ಬಂದ ಅನುಪಮಾಗೆ ಇದು ಗೊತ್ತಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಇಷ್ಟೇ: ಅತ್ತೆ ಇಡೀ ದಿನ ಕೆಮ್ಮುತ್ತಾರೆ, ಹೊಗೆ ಕುಡಿಯಬಾರದೆಂದು ಡಾಕ್ಟರು ಹೇಳಿದ್ದಾರೆ. ಹಾಲಮ್ಮ ಚಿಕ್ಕನಾಯಕನಹಳ್ಳಿಗೆ ನೆಂಟರ ಮದುವೆಗೆ ಹೋಗಿ ನಾಲ್ಕು ದಿನ ಇದ್ದು ಬರುವುದರೊಳಗೆ ಸೊಸೆ ಮಾಳಿಗೆಯ ಮೇಲೆ ಸೋಲಾರ್ ಕೂರಿಸಿ, ಗಾರೆಯವರನ್ನು ಕರೆಸಿ ಒಲೆಯನ್ನು ಮುಚ್ಚಿಸಿಬಿಟ್ಟಿದ್ದಳು. ಅತ್ತೆಗೆ ಆಶ್ಚರ್ಯವಾಗಲೆಂದು! ಆಶ್ಚರ್ಯ ಆಯಿತು. ಆ ವರ್ಷ ಎಂದೂ ಇಲ್ಲದ ಜಡಿಮಳೆ. ದೀಪಾವಳಿಗೆ ಅಟ್ಟ ಇಳಿಸಿ ಕಾಯಿ ಸುಲಿಸಿದರೆ ಅರ್ಧಕ್ಕೆ ಅರ್ಧ ಬೂಷ್ಟು. ಸುಲಿಯುವ ಆಳುಗಳ ಮುಂದೆಯೇ ಹಾಲಮ್ಮ, "ಮನೆ ಬೆಳಗೋಕೆ ಬಂದವಳು ಒಲೆ ಆರಿಸಿದ್ಲು!" ಎಂದರು. ಅದೇ ಕೊನೆಯ ಮಾತು.

ವಿಮಾನ ನಿಲ್ದಾಣದ ಕುರ್ಚಿಯಲ್ಲಿ ಅನುಪಮಾ ಗಂಡನಿಗೆ ತಗ್ಗಿದ ದನಿಯಲ್ಲಿ ಹೇಳಿದ್ದಳು: "ಬೈದಿದ್ರೂ ಇರ್ತಿದ್ದೆ ಕಣ್ರೀ... ಗೋಡೆ ನೋಡಿದ ಹಾಗೆ ನೋಡಿದ್ರೆ ಹೆಂಗಿರ್ಲಿ? ಇನ್ನು ನನ್ನ ಕೈಲಾಗಲ್ಲ. ಯುಗಾದಿ ಹೊತ್ತಿಗೆ ತಿಪಟೂರಲ್ಲಿ ಬೇರೆ ಮನೆ ಮಾಡೋಣ. ನೀವು ಬರದಿದ್ರೆ ನಾನೊಬ್ಬಳೇ ಹೋಗ್ತೀನಿ."

ಒಬ್ಬನೇ ಮಗ. ಅಪ್ಪ ಬೀರಲಿಂಗಯ್ಯ ತೀರಿಕೊಂಡು ಮೂರು ವರ್ಷ. "ಈ ಐದು ದಿನ ಟೈಮ್ ಕೊಡು" ಎಂದು ವಸಂತ ಕೈಮುಗಿದಿದ್ದ. ಹೆಚ್ಚು ಪೈಪು ಮಾರಿದ್ದಕ್ಕೆ ಕಂಪನಿ ಕೊಟ್ಟ ಮೂರು ಟಿಕೆಟ್ಟಿನ ಬಹುಮಾನದಲ್ಲಿ ಅವ್ವನನ್ನು ಎಳೆತಂದದ್ದೇ ಅದಕ್ಕೆ. ಸುತ್ತ ನೀರು, ನೆಂಟರಿಲ್ಲ, ಬೆಕ್ಕಿಲ್ಲ, ಕುಕ್ಕರಿಲ್ಲ. ಮಾತಾಡದೆ ಎಲ್ಲಿಗೆ ಹೋಗುತ್ತಾರೆ? ಎನ್ನುವುದು ಅವನ ಲೆಕ್ಕಾಚಾರ.

ಹಾಲಮ್ಮ ಮೊದಲ ದಿನವೇ ಊಟದ ಸಮಸ್ಯೆಯನ್ನು ತಾವೇ ಬಗೆಹರಿಸಿಕೊಂಡರು. ಬಿದ್ದ ತೆಂಗಿನ ಗರಿ ಸೀಳಿ, ಕಡ್ಡಿ ತೆಗೆದು, ಒಂದು ಗಂಟೆಯೊಳಗೆ ಪೊರಕೆ ಕಟ್ಟಿ ಆರು ಕುಟೀರಗಳ ಮುಂದಿನ ಮರಳನ್ನು ಗುಡಿಸಿ ಬಂದು, "ಈಗ ಬಡಿಸು ಅನ್ನು. ಕೂಲಿ ಮಾಡಿ ತಿಂದ್ರೆ ಯಾರ ಹಂಗೂ ಇಲ್ಲ" ಎಂದು ಏಳು ಇಡ್ಲಿ ತಿಂದರು. ಸಮುದ್ರದ ಬಗ್ಗೆ ಅವರ ಅಭಿಪ್ರಾಯ ಚಿಕ್ಕದು: "ಬೋರನಕಣಿವೆ ಡ್ಯಾಮು ಕೋಡಿ ಬಿದ್ದಾಗ ಇದಕ್ಕಿಂತ ಚಂದ. ಅದನ್ನ ಕುಡೀಲೂಬೌದು."

ಅವರನ್ನು ಕಂಗೆಡಿಸಿದ್ದು ಮರಗಳು. ದ್ವೀಪದ ತುಂಬಾ ತೆಂಗು, ಒಂದರಲ್ಲೂ ಕಾಯಿಲ್ಲ! ತೋಟ ನೋಡಿಕೊಳ್ಳುವ ಮಲಯಾಳಿಯೊಬ್ಬ ಮರ ಹತ್ತುತ್ತಿದ್ದುದನ್ನು ಕಂಡು ಬುಡದಲ್ಲಿ ನಿಂತರು. ಅವನು ಮುಷ್ಟಿಯಷ್ಟು ದಪ್ಪದ ಎಳೆಗಾಯಿಗಳನ್ನು ಗೊನೆಗೊನೆಯಾಗಿ ಕಡಿದು ಬೀಳಿಸುತ್ತಿದ್ದ.

"ಅಯ್ಯೋ! ಅಯ್ಯೋ ಪಾಪಿ! ಹಸುಗೂಸು ಕಣಯ್ಯಾ ಅವು!"

ಅವನು ಇಳಿದು ಬಂದು ಕೈಸನ್ನೆಯಲ್ಲಿ ವಿವರಿಸಿದ: ಕಾಯಿ ಬಲಿತರೆ ಬೀಳುತ್ತದೆ, ಕೆಳಗೆ ಮಲಗಿದ ದೊರೆಗಳ ತಲೆ ಒಡೆಯುತ್ತದೆ.

"ಅಂಗಾದ್ರೆ ಮಲಗಿರೋರನ್ನ ಆ ಕಡೆ ಎಳೆದಾಕು! ಕಾಯಿ ಏನು ಮಾಡಿತ್ತು?"

ಹಿಂದೆ ನಿಂತಿದ್ದ ಅನುಪಮಾ ತಡೆಯಲಾರದೆ ಗೊಳ್ಳನೆ ನಕ್ಕಳು. ಹಾಲಮ್ಮನ ತುಟಿಯ ಅಂಚೂ ಒಂದಿಷ್ಟು ಅಲುಗಿತು... ಆದರೆ ನಕ್ಕವಳು ಯಾರೆಂದು ನೆನಪಾದ ಕೂಡಲೇ ಮುಖ ಮತ್ತೆ ಮೊದಲಿನಂತಾಯಿತು. ದೂರದ ಹಗ್ಗದ ಮಂಚದಿಂದ ಇಣುಕುತ್ತಿದ್ದ ವಸಂತ ನಿಟ್ಟುಸಿರು ಬಿಟ್ಟು, ನಾಲ್ಕನೇ ತಟ್ಟೆ ಸಿಗಡಿಯ ಕಡೆ ತಿರುಗಿದ.

ಅವನ ಯೋಜನೆಯಲ್ಲಿ ಒಂದೇ ದೋಷವಿತ್ತು: ಅದು ಫಲಿಸಬೇಕಾದರೆ ಅವನು ನೆಟ್ಟಗೆ ನಿಂತಿರಬೇಕಿತ್ತು. ಎರಡು ದಿನ ಏಡಿ, ಸಿಗಡಿ, ಐಸ್‌ಕ್ರೀಮು, ಹೆಸರು ತಿಳಿಯದ ನೀಲಿ ಬಣ್ಣದ ಪಾನಕ ಎಲ್ಲವನ್ನೂ 'ಸೇರಿಸಿ'ದ್ದ ಅವನ ಹೊಟ್ಟೆ ಮೂರನೆಯ ದಿನ ಮಧ್ಯಾಹ್ನ ಒಂದೊಂದನ್ನೇ ಬಿಡಿಸತೊಡಗಿತು. ದ್ವೀಪದ ಡಾಕ್ಟರು ಮಾತ್ರೆ ಕೊಟ್ಟು ಹೋದರು. ವಸಂತ ಬಾಡಿದ ಸೊಪ್ಪಿನಂತೆ ಮಲಗಿ ನಿದ್ದೆ ಹೋದ. ಅಂಚೆ ಕಚೇರಿ ಮುಚ್ಚಿತು.

ಹಾಲಮ್ಮನಿಗೆ ಮಾತ್ರೆಯಲ್ಲಿ ನಂಬಿಕೆಯಿರಲಿಲ್ಲ. ಎಲೆಅಡಿಕೆ ಚೀಲದಲ್ಲಿ ಓಮದ ಕಾಳಿತ್ತು. ಕಷಾಯಕ್ಕೆ ಬೇಕಾದದ್ದು ಬೆಂಕಿ. ಕುಟೀರದ ಹಿಂಬದಿಗೆ ಸೂರಿಲ್ಲದ ಬಚ್ಚಲು, ನಡುವೆ ಹೂಗಿಡ, ಕಲ್ಲು. ಅವರು ಒಣ ಮಟ್ಟೆ, ಗರಿ ಆಯ್ದು ತರುವುದನ್ನು ಅನುಪಮಾ ಜಗುಲಿಯಿಂದ ನೋಡಿದಳು. ಕೋಣೆಯಲ್ಲೇ ನೀರು ಕಾಯಿಸುವ ಕರೆಂಟಿನ ಕೆಟಲ್ ಇದೆ. 'ಅತ್ತೆ, ಇದರಲ್ಲಿ ಕಾಯಿಸಿ' ಎಂದರೆ ಮುಗಿಯಿತು. ಬಾಯಿ ತೆರೆದಳು. ತಿರುಗಿ ಗಂಡನನ್ನು ನೋಡಿದಳು; ಅವನು ಗೊರಕೆ ಹೊಡೆಯುತ್ತಿದ್ದ. 'ನನ್ನನ್ನ ಮನುಷ್ಯಳು ಅಂತ ನೋಡದೋರಿಗೆ ನಾನ್ಯಾಕೆ ಹೇಳಲಿ?' ಎಂದುಕೊಂಡು ಫೋನಿನಲ್ಲಿ ಮುಖ ಹುದುಗಿಸಿದಳು.

ಮೂರು ಕಲ್ಲು, ಬಾಟಲಿ ತಣ್ಣಗಿಡಲು ಇಟ್ಟಿದ್ದ ಸ್ಟೀಲ್ ಬಕೆಟ್ಟು, ಕೋಣೆಯ ಮೇಣದಬತ್ತಿಯ ಪಕ್ಕ ಇದ್ದ ಪೆಟ್ಟಿಗೆಯ ಒಂದು ಬೆಂಕಿಕಡ್ಡಿ. ಮಟ್ಟೆ ಹೊತ್ತಿಸುವುದರಲ್ಲಿ ಹಾಲಮ್ಮನಿಗೆ ಸಮನಾದವರು ಇಡೀ ಹಿಂದೂ ಮಹಾಸಾಗರದಲ್ಲೇ ಇರಲಿಕ್ಕಿಲ್ಲ. ಆದರೆ ಕಡಲ ಗಾಳಿಯ ಪರಿಚಯ ಅವರಿಗಿರಲಿಲ್ಲ. ಒಂದೇ ಬೀಸಿಗೆ ಕಿಡಿ ಹಾರಿ ಗರಿ ಹೊದೆಸಿದ ಸೂರಿನ ಅಂಚು ಹೊಗೆಯಾಡಿತು. ಹೊಗೆ ಕೋಣೆಗೆ ನುಗ್ಗಿತು. ದ್ವೀಪಕ್ಕೆ ದ್ವೀಪವೇ ಕಿವುಡಾಗುವಂತೆ ಎಚ್ಚರಿಕೆಯ ಗಂಟೆ ಬಡಿದುಕೊಂಡಿತು! ನಾಲ್ಕು ದಿಕ್ಕಿನಿಂದ ಕೆಂಪು ಸಿಲಿಂಡರು ಹಿಡಿದವರು ಓಡಿ ಬಂದರು. ವಸಂತ ಬೆಡ್‌ಶೀಟು ಸುತ್ತಿಕೊಂಡು ಮರಳಿಗೆ ಬಿದ್ದ. ಎರಡು ನಿಮಿಷದಲ್ಲಿ ಬೆಂಕಿ ಆರಿತ್ತು. ಬಿಳಿಯ ನೊರೆಯಲ್ಲಿ ಮಿಂದ ಹಾಲಮ್ಮ, ಕಷಾಯದ ಬಕೆಟ್ಟನ್ನು ಸೆರಗಿನಲ್ಲಿ ಹಿಡಿದುಕೊಂಡು ನಿಂತಿದ್ದರು.

ಮುಂಬಯಿ ಕಡೆಯ ಮ್ಯಾನೇಜರ್ ಹೆಂಗಸು ಬಂದಳು. ಬೆಂಕಿ ಹಚ್ಚಿದವರು ಮುಂದಿನ ದೋಣಿಗೇ ದ್ವೀಪ ಬಿಡಬೇಕು, ಅದು ನಿಯಮ, ಯಾರು ಹಚ್ಚಿದ್ದು, ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಅನುಪಮಾ ಮುಂದೆ ಬಂದಳು. ತನ್ನ ಎದೆಯ ಮೇಲೆ ಕೈಯಿಟ್ಟು ಇಂಗ್ಲಿಷಿನಲ್ಲೇ ಏನೋ ಹೇಳಿದಳು.

"ಏನಂದ್ಲು? ಏನಂದ್ಲೋ ಅವಳು?" ಹಾಲಮ್ಮ ಮಗನನ್ನು ಅಲುಗಿಸಿದರು.

"ತಾನೇ... ತಾನೇ ಹಚ್ಚಿದ್ದು ಅಂದ್ಲು ಕಣವ್ವ."

ಹಾಲಮ್ಮ ಬಕೆಟ್ಟನ್ನು ಮಗನ ಕೈಗೆ ತುರುಕಿ, ನೊರೆಯನ್ನು ತುಳಿದುಕೊಂಡು ಹೋಗಿ ಮ್ಯಾನೇಜರಮ್ಮನ ಎದುರು ಎದೆ ಬಡಿದುಕೊಂಡರು. "ನಾನು! ನಾನು ಕಣಮ್ಮ ಹಚ್ಚಿದ್ದು! ಆ ಮಗು ಸುಳ್ಳು ಹೇಳ್ತಾವಳೆ!"

"ಅವರಲ್ಲ, ನಾನು!"

"ಬಾಯ್ಮುಚ್ಚೇ! ನಿನಗೆ ಒಂದು ಮಟ್ಟೆ ಹೊತ್ತಿಸೋಕೆ ಬತ್ತದಾ? ಮೂರು ಕಡ್ಡಿ ಗೀರಿದ್ರೂ ಹೊತ್ತಲ್ಲ ನಿನ್ನ ಕೈಲಿ!"

ತಪ್ಪನ್ನು ಒಬ್ಬರ ಮೇಲೊಬ್ಬರು ಹಾಕುವವರನ್ನು ಆ ಮ್ಯಾನೇಜರು ಬೇಕಾದಷ್ಟು ಕಂಡಿದ್ದಳು. ತಪ್ಪಿಗಾಗಿ ಕಿತ್ತಾಡುವವರನ್ನು ಕಂಡಿರಲಿಲ್ಲ. ಯಾರ ಮಾತು ನಿಜವೆಂದು ವಸಂತನನ್ನು ಕೇಳಿದಳು. ವಸಂತ ಜೀವಮಾನದಲ್ಲೇ ಮೊದಲ ಬಾರಿಗೆ ವಿವೇಕ ತೋರಿ, ಬಕೆಟ್ಟಿನಿಂದ ಕಷಾಯವನ್ನು ಬಗ್ಗಿಸಿಕೊಂಡು ಕುಡಿಯತೊಡಗಿದ. ಆಕೆ ನಗು ತಡೆದುಕೊಂಡು, ಕಡ್ಡಿಪೆಟ್ಟಿಗೆ ವಶಪಡಿಸಿಕೊಂಡು, ಇನ್ನೊಮ್ಮೆ ಹೀಗಾದರೆ ಮೂವರನ್ನೂ ಕಳಿಸುತ್ತೇನೆಂದು ಎಚ್ಚರಿಸಿ ಹೋದಳು.

ಸಂಜೆಯ ಬಿಸಿಲು ನೀರಿನ ಮೇಲೆ ಬಿದ್ದಿತ್ತು. ಅತ್ತೆ ಸೊಸೆ ಜಗುಲಿಯ ಮೆಟ್ಟಿಲ ಮೇಲೆ ಕುಳಿತಿದ್ದರು.

"ಯಾಕೆ ಸುಳ್ಳು ಹೇಳ್ದೆ?" ಹಾಲಮ್ಮ ಸಮುದ್ರ ನೋಡುತ್ತಾ ಕೇಳಿದರು. ಆದರೆ ಕೇಳಿದ್ದು ಸಮುದ್ರವನ್ನಲ್ಲ.

ಅನುಪಮಾಳ ಕಣ್ಣು ತುಂಬಿ ಬಂತು. "ನೀವು ಮಟ್ಟೆ ಆಯೋದನ್ನ ನೋಡಿದ್ದೆ ಅತ್ತೆ. ಒಳಗೆ ಕೆಟಲ್ ಇದೆ ಅಂತ ಒಂದು ಮಾತು ಹೇಳಿದ್ರೆ ಆಗ್ತಿತ್ತು. ಹೇಳ್ಲಿಲ್ಲ... ಬೇಕಂತಲೇ ಹೇಳ್ಲಿಲ್ಲ. ನಿಮ್ಮ ಸೀರೆಗೆ ಕಿಡಿ ಬಿದ್ದಿದ್ರೆ...!"

ಹದಿನಾಲ್ಕು ತಿಂಗಳು ಸುಮ್ಮನಿದ್ದ ಹಾಲಮ್ಮನಿಗೆ ಸುಮ್ಮನಿರುವುದೇನೂ ಕಷ್ಟವಲ್ಲ; ಬಾಯಿ ಬಿಡುವುದೇ ಕಷ್ಟ.

"ನಾನೂ ಹೇಳ್ಲಿಲ್ಲ ಬುಡು" ಎಂದರು ಕೊನೆಗೆ. "ಕೊಬ್ಬರಿ ಬೂಷ್ಟು ಹಿಡೀತು ಅಂತ ಮುನಿಸ್ಕಂಡೆ ಅಂದ್ಕಂಡಿದ್ದೆಯಾ? ಕೊಬ್ಬರಿ ಮುಂದಿನ ವರ್ಷ ಬತ್ತದೆ. ಆ ಒಲೆ ಮುಂದೆ ನಿಮ್ಮ ಮಾವ ದಿನಾ ಬೆಳಿಗ್ಗೆ ಕೂತ್ಕಣೋರು. ಉರಿ ಹಾಕೋದು, ಬೀಡಿ ಹಚ್ಚೋದು. ಅವರು ಹೋದ ಮೇಲೆ ನಾನು ಅಲ್ಲಿ ಕೂತು ಮಾತಾಡ್ತಿದ್ದೆ... ಇವತ್ತು ಏನಾಯ್ತು, ಯಾವ ಮರ ಹೊಂಬಾಳೆ ಬಿಡ್ತು ಅಂತ. ಮದುವೆ ಊಟ ಉಂಡ್ಕಂಡು ಬಂದು ನೋಡಿದ್ರೆ ಸಿಮೆಂಟು! ಯಾರ ಮುಂದೆ ಹೇಳ್ಕಳ್ಲಿ? ಸತ್ತೋರ ಜೊತೆ ಮಾತಾಡ್ತಿದ್ದೆ ಅಂದ್ರೆ ನಗಲ್ವಾ?"

"ಅತ್ತೆ..." ಅನುಪಮಾ ಬಿಕ್ಕಿದಳು. "ನನಗೆ ಗೊತ್ತಿರ್ಲಿಲ್ಲ ಅತ್ತೆ! ನಿಮ್ಮ ಕೆಮ್ಮಿಗೋಸ್ಕರ..."

"ಗೊತ್ತು ಕಣವ್ವ. ಕೆಮ್ಮು ನಿಂತು ವರ್ಷ ಆಯ್ತು. ಅದನ್ನೂ ಹೇಳ್ಲಿಲ್ಲ ನಾನು." ಸೆರಗಿನಿಂದ ಮೂಗು ಒರೆಸಿಕೊಂಡರು. "ಅನು, ತಿಪಟೂರಿಗೆ ಹೋಗು. ಏರೋಪ್ಲೇನಲ್ಲಿ ನನ್ನ ಕಿವಿ ಕಟ್ಟಿತ್ತು, ಅದಕ್ಕೂ ಮುಂಚೆ ಕುರ್ಚೀಲಿ ಕೂತಿದ್ದಾಗ ಕಟ್ಟಿರ್ಲಿಲ್ಲ. ಅವನನ್ನೂ ಕರ್ಕಂಡು ಹೋಗು. ನನ್ನ ತಪ್ಪಿಗೆ ನೀನು ಯಾಕೆ ಬಾಯಿ ಕಟ್ಕಂಡು ಬದುಕ್ಬೇಕು? ತ್ವಾಟ ನಾನು ನೋಡ್ಕತೀನಿ."

ಅನುಪಮಾ ಕಣ್ಣೊರೆಸಿಕೊಂಡು ಅತ್ತೆಯ ನೊರೆ ಮೆತ್ತಿದ ಕೈಯನ್ನು ಹಿಡಿದಳು. "ನನಗೆ ಮನೆ ಬೇಕಾಗಿರ್ಲಿಲ್ಲ ಅತ್ತೆ. ಅಲ್ಲಾದ್ರೆ ಪಕ್ಕದ ಮನೆಯೋರಾದ್ರೂ ಮಾತಾಡಿಸ್ತಾರೆ ಅಂತ."

"ಪಕ್ಕದ ಮನೆಯೋರು!" ಹಾಲಮ್ಮ ಕೆರಳಿದರು. "ಟೌನಿನೋರು ಹಾಲಿನೋನಿಗೂ ಬಾಗ್ಲು ಪೂರ್ತಿ ತಗಿಯಲ್ಲ. ಅವರನ್ನ ನಂಬ್ಕಂಡು ಹೊಂಟಿದ್ಲಂತೆ! ಬ್ಯಾಡ, ಸುಮ್ಕೆ ಮನೇಲಿರು."

"ಹೂಂ, ಇರ್ತೀನಿ. ನೀವು ಮಾತಾಡ್ಬೇಕು ಅಷ್ಟೆ."

"ಮಾತಾಡ್ದೆ ಬಿಡ್ತೀನಾ? ಇಷ್ಟು ದಿನದ್ದು ಗಂಟ್ಲಲ್ಲೇ ಐತೆ!"

ಅದು ಬರಿಯ ಬಾಯಿಮಾತಾಗಿರಲಿಲ್ಲ. ಐದನೆಯ ದಿನ ಬೆಳಿಗ್ಗೆ ಹೊರಡುವ ದೋಣಿ ಬಂದು ನಿಂತಾಗ ವಸಂತ ಪೆಟ್ಟಿಗೆಗಳನ್ನು ಒಬ್ಬನೇ ಹೊತ್ತು ತಂದಿದ್ದ. ಅತ್ತೆ ಸೊಸೆ ಮೊಣಕಾಲುದ್ದ ನೀರಿನಲ್ಲಿ, ನಿರಿಗೆ ಎತ್ತಿ ಹಿಡಿದು, ಅಲೆ ಬಂದಾಗಲೆಲ್ಲ ಒಬ್ಬರನ್ನೊಬ್ಬರು ಅವುಚಿಕೊಂಡು ನಿಂತಿದ್ದರು. ಆ ದೀಪಾವಳಿಯ ಒಬ್ಬಟ್ಟಿನ ಹೂರಣ ಗಟ್ಟಿಯಾಗಿತ್ತೆಂದು ಅತ್ತೆ, ಅದನ್ನು ತಿಂದು ಖಾಲಿ ಮಾಡಿದವರು ಯಾರೆಂದು ಸೊಸೆ. ಸಂಕ್ರಾಂತಿಗೆ ಎಳ್ಳು ಬೀರಲು ಯಾರ್ಯಾರ ಮನೆ ಬಿಟ್ಟೆ ಎಂದು ಅತ್ತೆ, ಕೇಳೋಣವೆಂದರೆ ಬೆಕ್ಕಿನ ಜೊತೆ ಮಾತಾಡುತ್ತಾ ಕೂತಿದ್ದವರು ಯಾರೆಂದು ಸೊಸೆ.

"ಅವ್ವಾ! ಅನು! ದೋಣಿ ಹೊರಡ್ತೈತೆ!"

"ತಡ್ಕಳೋ!" ಎರಡು ದನಿಗಳು ಒಟ್ಟಿಗೇ ಬಂದವು, ಯಾರೂ ತಿರುಗಿ ನೋಡಲಿಲ್ಲ.

ದೋಣಿಯವನು ಇನ್ನೆಷ್ಟು ಹೊತ್ತೆಂದು ಕೈಸನ್ನೆಯಲ್ಲಿ ಕೇಳಿದ. ವಸಂತ ಪೆಟ್ಟಿಗೆಯ ಮೇಲೆ ಕುಳಿತು ಒಂದಿಷ್ಟು ಕಿವಿಗೊಟ್ಟು ಆಲಿಸಿದ. ಅವರಿನ್ನೂ ಹೋದ ವರ್ಷದ ಶಿವರಾತ್ರಿಯವರೆಗೆ ಮಾತ್ರ ಬಂದಿದ್ದರು.