ಒಂದು ಸಹಿಗೆ ಏಳು ತಿಂಗಳು

ಹಳಿಯ ಮೇಲೆ ಶಿವಬಸವ್ವ ನಿಂತಿದ್ದಳು. ಗೂಡ್ಸ್ ಗಾಡಿ ಹಾರ್ನ್ ಹೊಡೆಯುತ್ತ ಬರುತ್ತಿತ್ತು...

ಖಾನಾಪುರ ಸ್ಟೇಷನ್ನಿನಾಚೆ, ಮಧ್ಯಾಹ್ನ ಒಂದೂವರೆ. ಜೀಪಿನಿಂದ ಹಾರಿ ಓಡಿದೆ. ಐವತ್ತೆರಡು ವರ್ಷದ ನನ್ನ ಮೊಣಕಾಲು ಬಿಟ್ಟಷ್ಟು ಓಡಿದೆ. ಸೆರಗು ಹಿಡಿದು ಎಳೆದೆ. ಇಬ್ಬರೂ ಜಲ್ಲಿಯ ಮೇಲೆ ಬಿದ್ದೆವು. ಗಾಡಿ ನಮ್ಮ ಕಾಲ ಪಕ್ಕದಲ್ಲೇ ಹಾದುಹೋಯಿತು.

ಸಾಯಲು ಬಂದಿದ್ದಾಳೆಂದೇ ಎಣಿಸಿದ್ದೆ. ಆಗ ನನಗೆ ಮೊದಲು ಬಂದ ಯೋಚನೆ ಏನು ಗೊತ್ತೇ?

ಇವಳು ಸತ್ತರೆ ಸಹಿ ಹೋಯಿತು.

"ಯವ್ವಾ, ನಮ್ಮ ಮನಿ ಯಾವ ಕಡೆ ಐತ್ರಿ?" ಎಂದಳು.

ಅವಳ ಮನೆ ಅಲ್ಲಿಂದ ಎರಡು ಓಣಿ. ಮೂವತ್ತು ವರ್ಷದಿಂದ ಅಲ್ಲೇ ಹೊಲಿಗೆ ಮಷಿನ್ ತುಳಿಯುತ್ತಿದ್ದಾಳೆ.

"ನಾ ಯಾರಂತ ಗೊತ್ತಾತೇನು?"

"ಇಲ್ರಿ."

ಗೊತ್ತಾಗಿರಲಿಲ್ಲ. ಆದರೆ ನನ್ನ ದನಿ ಕೇಳಿದ್ದೇ ತಡ, ಅವಳ ಕೈ ನಡುಗತೊಡಗಿತ್ತು.

ನಾನು ಮಾಯಕ್ಕ. ಬೆಳಗಾವಿಯ ಖಡೇಬಜಾರಿನಲ್ಲಿ ಒಂದೇ ಕೋಣೆಯ ಆಫೀಸು. ಬೋರ್ಡಿನ ಮೇಲೆ 'ಸಲಹೆಗಾರರು' ಎಂದಿದೆ. ಮಾಡುವ ಕೆಲಸ, ಸಹಿ ಹಾಕದವರಿಂದ ಹಾಕಿಸುವುದು.

ನಮ್ಮ ಕಡೆ ಹೆಣ್ಣುಮಗಳು ತವರಿನ ಆಸ್ತಿ ಬಿಟ್ಟುಕೊಡುವುದು ಹೇಗೆ ಗೊತ್ತಲ್ಲ? ಅಣ್ಣ ಉಡಿ ತುಂಬುತ್ತಾನೆ. ಸೀರೆ, ಖಣ, ಅಕ್ಕಿ, ತೆಂಗಿನಕಾಯಿ. ಅದೇ ಚೀಲದಲ್ಲಿ ಹಕ್ಕುಬಿಡುಗಡೆ ಪತ್ರ. ಉಡಿ ಹಿಡಿದ ಕೈಯಲ್ಲೇ ಅವಳು ಸಹಿ ಹಾಕುತ್ತಾಳೆ.

ಶಿವಬಸವ್ವ ಹಾಕಲಿಲ್ಲ. ಅಪ್ಪ ಬಿಟ್ಟುಹೋದ ಜಾಗದಲ್ಲಿ ತನ್ನ ಪಾಲು ಬೇಕು, ಅಲ್ಲಿ ಹೊಲಿಗೆ ಅಂಗಡಿ ಹಾಕುತ್ತೇನೆ ಎಂದಳು. ಅವಳ ಅಣ್ಣ ಉಳವಪ್ಪ ನನ್ನ ಬಳಿ ಬಂದ.

ನಾನು ಕೈ ಎತ್ತಲಿಲ್ಲ. ಬೈಯಲಿಲ್ಲ. ಅದು ನನ್ನ ಹೆಮ್ಮೆಯಾಗಿತ್ತು. ದಿನಾ ಬೆಳಗಿನ ಐದಕ್ಕೆ ಫೋನು, ಮಾತಿಲ್ಲ. ಬಾಗಿಲೆದುರು ಜೀಪು. ಗಂಡ ಲಾರಿ ಹತ್ತಿ ಹೋದ ದಿನವೇ ಕದ ತಟ್ಟಿ, "ನಿಮ್ಮ ಯಜಮಾನರು ಘಾಟ್‌ನ್ಯಾಗ ಹುಷಾರಾಗಿ ಗಾಡಿ ಹೊಡೀಲಿ" ಎಂದು ನಕ್ಕು ಬರುವುದು.

ಏಳು ತಿಂಗಳು.

ಹಳಿಯ ಬಳಿಯಿಂದ ಅವಳನ್ನು ಹತ್ತಿರದ ಡಾಕ್ಟರ್ ಪೂರ್ಣಿಮಾ ಅವರ ದವಾಖಾನೆಗೆ ಕರೆದೊಯ್ದೆ. ಅವರು ಇವಳನ್ನು ಮೂರು ತಿಂಗಳಿಂದ ನೋಡುತ್ತಿದ್ದರಂತೆ. ಬಿ.ಪಿ. ನೋಡಿ, ಮಲಗಿಸಿ, ನನ್ನನ್ನು ಬದಿಗೆ ಕರೆದರು.

"ಕಾರ್ಟಿಸೋಲ್ ಅಂತ ಒಂದು ಹಾರ್ಮೋನ್ ಐತ್ರಿ. ಅಂಜಿದಾಗ ಓಡಾಕ ಶಕ್ತಿ ಕೊಡತೈತಿ. ಅಂಜಿಕಿ ಹೋದ ಮ್ಯಾಲೆ ಇಳೀಬೇಕು. ಇವರದು ಇಳದೇ ಇಲ್ಲ."

"ಇಳೀಲಿಲ್ಲಂದ್ರ?"

"ಮಿದುಳಿನ್ಯಾಗ ನೆನಪು ಕೂಡಿಡೋ ಜಾಗ ಐತಿ. ಅಲ್ಲಿ ನರಕೋಶದ ಟೊಂಗಿ ಒಣಗತಾವು. ಅಂಜಿಕಿ ಕಾಯೋ ಜಾಗ ಮಾತ್ರ ಬಲಿಯತೈತಿ. ಸ್ಕ್ಯಾನ್, ರಕ್ತ, ಎಲ್ಲಾ ನೋಡೀನಿ. ಬ್ಯಾರೆ ಕಾರಣ ಸಿಗಲಿಲ್ಲ. ಯಾರೋ ಬೆನ್ನು ಹತ್ತ್ಯಾರ ಅಂತಿದ್ರು... ಯಾರಂತ ಈಗ ಅವರಿಗೇ ನೆನಪಿಲ್ಲ."

ನಾನು ಗೋಡೆಯ ಕಡೆ ನೋಡಿದೆ. ಮುಖ ಇಡಲು ಬೇರೆ ಜಾಗ ಇರಲಿಲ್ಲ.

ಅಷ್ಟರಲ್ಲಿ ಉಳವಪ್ಪ ಬಂದ. ಸುದ್ದಿ ಮುಟ್ಟಿತ್ತು. ಕೈಯಲ್ಲಿ ಚೀಲ.

"ಹುಚ್ಚು ಹಿಡದೈತಂತಲ್ಲ? ಬೇಷಾತು. ಈಗ ಇಲ್ಲ ಅನ್ನಾಕ ಬರೂದಿಲ್ಲ. ಸಬ್‌ರಿಜಿಸ್ಟ್ರಾರ್ ಆಫೀಸು ತೆರದೈತಿ. ಗುರುತಿನ ಸಾಕ್ಷಿ ನೀವಽ ಹಾಕ್ರಿ."

ಶಿವಬಸವ್ವ ಎದ್ದು ಕುಳಿತಳು. ಅಣ್ಣನನ್ನು ಕಂಡು ಮುಖ ಅರಳಿತು. "ಯಣ್ಣಾ, ಪಂಚಮಿಗೆ ತವರಿಗೆ ಕರಿಯಾಕ ಬಂದ್ಯಾ?"

ಅವನು ಚೀಲದಿಂದ ತೆಂಗಿನಕಾಯಿ ತೆಗೆದ. ಅವಳು ತಾನಾಗಿ ಸೆರಗು ಒಡ್ಡಿದಳು. ಮನೆಯ ದಾರಿ ಮರೆತಿದ್ದಳು, ಸೆರಗು ಒಡ್ಡುವುದನ್ನು ಮರೆತಿರಲಿಲ್ಲ. ಅವನು ಕಾಯಿ ಅದರಲ್ಲಿಟ್ಟು, ಕಾಗದ ಬಿಡಿಸಿ ಪೆನ್ನು ಕೊಟ್ಟ.

"ಎಲ್ಲಿ ಮಾಡ್ಲೆಣ್ಣಾ?"

ಏಳು ತಿಂಗಳು ನಾನು ದುಡಿದದ್ದು ಈ ಒಂದು ಮಾತಿಗೆ.

ಪೆನ್ನು ಕಸಿದುಕೊಂಡೆ. ಕಾಗದ ಹರಿದೆ.

"ತಲಿ ಕೆಟ್ಟೈತೇನು ನಿಮಗ?" ಉಳವಪ್ಪ ನನ್ನ ತೋಳು ಹಿಡಿದ. "ಇನ್ನೊಂದು ಬರಸ್ತೇನಿ."

"ಬರಸು. ಡಾಕ್ಟರ, ಇವರು ಸಹಿ ಮಾಡೋ ಸ್ಥಿತಿಯಾಗ ಇಲ್ಲಂತ ಬರದು ಕೊಡ್ರಿ. ಬೆನ್ನು ಹತ್ತಿದಾಕಿ ನಾನಽ ರೀ. ಹೆಸರು ಬರಕೊಳ್ರಿ. ನನ್ನ ಹಚ್ಚಿದಾಂವ ಇಂವಾ."

"ನೀನೂ ಒಳಗ ಹೋಗ್ತಿ, ಮಾಯಕ್ಕ."

"ಕೂಡೇ ಹೋಗೂಣು. ಜೀಪು ಐತಿ."

ಅವನ ಹಿಡಿತ ಸಡಿಲವಾಯಿತು. ಚೀಲ ಬಿಟ್ಟು ಹೋದ. ಪೂರ್ಣಿಮಾ ಬರೆಯುತ್ತಲೇ ಇದ್ದರು.

"ಆ ಟೊಂಗಿ ಮತ್ತ ಚಿಗಿತಾವೇನ್ರಿ?"

"ಅಂಜಿಕಿ ನಿಂತ್ರ ಒಂದಿಷ್ಟು ಚಿಗೀಬಹುದು. ಖಾತ್ರಿ ಕೊಡಾಕ ಆಗೂದಿಲ್ಲ."

"ಔಷಧಿ?"

ಅವರು ತಲೆ ಎತ್ತಲಿಲ್ಲ. "ಮೊದಲು ನೀವು ಅವರ ಕಣ್ಣಿಗೆ ಬೀಳೂದು ಬಿಡ್ರಿ."

ಕ್ಷಮೆ ಕೇಳಬೇಕೆಂದು ಹಾಸಿಗೆಯ ಕಡೆ ತಿರುಗಿದೆ. ಬಾಯಿ ತೆರೆಯುವ ಮೊದಲೇ ಅವಳ ಉಡಿಯ ಕಾಯಿ ಅಲುಗತೊಡಗಿತು... ಕೈ ನಡುಗುತ್ತಿತ್ತು.

ಕ್ಷಮೆಯನ್ನೂ ಕೇಳದೆ ಮೆಟ್ಟಿಲಿಳಿದೆ. ಅವಳ ಚಿಕಿತ್ಸೆ ಶುರುವಾಯಿತು.